ಬೀಳೋ ಕೆಲ್ಸ

ಕೂಡವ್ವ, ಕೂಡು. ಚಾಪೆ ಮ್ಯಾಲೆ ಕೂಡು, ನೆಲ ತಣ್ಣಗೈತೆ. ನೀರು ಇಟ್ಟೀನಿ, ಕುಡಿ. ಬಿಸಿಲಾಗೆ ಬಂದಿದೀಯ.

ನನ್ನ ಹೆಸ್ರು ಕೆಂಚವ್ವ. ದಾವಣಗೇರಿಯಾಗೆ ನನ್ನಂತಾಕಿ ಇನ್ನೊಬ್ಬಳು ಇಲ್ಲ. ಯಾಕ ಅಂತ ಕೇಳು. ಹರಿಹರದ ಹೊಳೆ ದಾರ್ಯಾಗೆ ಎಲ್ಲಾರ ಕಣ್ಣೆದ್ರಿಗೆ ಸತ್ತು, ಎದ್ದು, ಮತ್ತೆ ಸತ್ತು, ಮತ್ತೆ ಎದ್ದು ಮನಿಗೆ ಬಂದಾಕಿ ನಾನು. ಜನ ಸಾಯಾಕೆ ಕಾಶಿಗೆ ಹೋಗ್ತಾರೆ. ನಾನು ಜಟಕಾದಾಗೆ ಹೋಗಿ ಸತ್ತು ಸಂಜಿಗೆ ಬಂದು ರೊಟ್ಟಿ ಬಡಿದೀನಿ.

ಅರ್ಧ ಸುಳ್ಳು ಐತೆ ಇದ್ರಾಗೆ. ಸತ್ತಿದ್ದು ಸುಳ್ಳು. ಬಿದ್ದಿದ್ದು ಖರೆ. ಅರ್ಧ ಸುಳ್ಳಿಗೆ ಹಂಗೆ ಮಕ ಕಿವುಚಬ್ಯಾಡ. ಹರಿಹರದಾಗೆ ದೇವ್ರೇ ಅರ್ಧ ಅವ್ನು, ಅರ್ಧ ಇವ್ನು. ಅವನ್ನ ಯಾರೂ ಬೈಯಲ್ಲ.

ನೀನು ಕಾಲೇಜಿನಾಗೆ ಮನಸಿನ ಪಾಠ ಓದ್ತೀನಿ ಅಂದ್ಯಲ್ಲ, ಅದಕ್ಕೇ ನೆಪ್ಪಾತು. ಮಂಡಿಪೇಟೆ ಕಡೆಯಾಕಿ ಅಂತ್ಲೂ ಅಂದಿ. ಯಾರ ಮನಿಯಾಕಿ ಅಂತ ನಾ ಕೇಳಲ್ಲ. ಕೇಳಿದ್ರೆ ನೀನೂ ನನ್ನ ಕೇಳಬೇಕಾಗ್ತೈತೆ. ನಿಮ್ಮ ಪಾಠದೋನು ಒಬ್ಬ ನಮ್ಮೂರಿಗೆ ಬಂದಿದ್ದ. ಆಗ ನನ್ನ ಗಂಡ ಗುತ್ತೆಪ್ಪ ಸತ್ತು ವರ್ಸ ಆಗಿತ್ತು. ಹತ್ತಿ ಮಿಲ್ಲಿನಾಗೆ ಅರಳೆ ಮೂಟೆ ಮೈಮ್ಯಾಲೆ ಉರುಳಿ ಸತ್ತ. ಸ್ವಾತಂತ್ರ್ಯ ಬಂದು ಸುಮಾರು ವರ್ಸ ಆಗಿತ್ತು. ಮುಟ್ಟಬಾರದು ಅನ್ನೋದು ತಪ್ಪು ಅಂತ ಡೆಲ್ಲಿಯಾಗೆ ಕಾನೂನೂ ಬಂದಿತ್ತಂತೆ. ಡೆಲ್ಲಿಯಿಂದ ಮಂಡಿಪೇಟೆಗೆ ದೂರ ಭಾಳ. ನಡ್ಕಂಡು ಬರ್ತಿತ್ತು ಅಂತ ಕಾಣ್ತೈತೆ.

ನನ್ನ ಕೆಲ್ಸ ಮಂಡಿಪೇಟೆ ಚರಂಡಿ ಬಳಿಯೋದು. ಬೆಳಕು ಹರಿಯೋ ಹೊತ್ತಿಗೆ ಸಲಿಕೆ ಹಿಡ್ಕಂಡು ಬಗ್ಗಿದ್ರೆ ಬಿಸಿಲು ನೆತ್ತಿಗೆ ಬರೋತನ್ಕ ಬಗ್ಗಿದ್ದೇ. ಅಂಗಡಿ ಹಿಂದೆ ಕೊಳ್ತ ಜ್ವಾಳ, ಮೆಣಸಿನಕಾಯಿ ಧೂಳು, ಉಚ್ಚೆ, ಕೂಸಿನ ಹೇಲು, ಎಲ್ಲಾ ಕೂಡಿ ಕರ್ರಗೆ ಹಲ್ವಾ ಆಗಿರ್ತಿತ್ತು. ಅದನ್ನ ಬಾಚಿ ಬುಟ್ಟಿಗೆ ತುಂಬೋದು. ಬುಟ್ಟಿ ತಲಿಗೆ ಹೊತ್ರೆ ನೀರು ಸೋರಿ ಹಣೆ ಮ್ಯಾಲಿಂದ ತುಟಿಗೆ ಬರ್ತಿತ್ತು. ತುಟಿ ಮುಚ್ಕಂಡೇ ಇರಬೇಕು. ಅದಕ್ಕೇ ಆಗ ನಾನು ಮಾತು ಕಮ್ಮಿ ಆಡ್ತಿದ್ದೆ. ಈಗ ತೀರಿಸ್ಕಣಾಕತ್ತೀನಿ.

ಕೆಲ್ಸ ಮುಗಿಸಿ ಮೈ ತೊಳೀಬೇಕಲ್ಲ. ನಮ್ಮ ಕೇರಿಯಾಗೆ ನಲ್ಲಿ ಇರಲಿಲ್ಲ. ಕೇರಿ ಅಂದ್ರೆ ಮಿಲ್ಲಿನ ಹಿಂದೆ, ಊರು ಮುಟ್ಟದ ಕೇರಿ. ಒಂದು ಹೊಂಡ ಇತ್ತು. ಮಿಲ್ಲಿನ ಎಣ್ಣೆ ನೀರು ಅದಕ್ಕೇ ಬರ್ತಿತ್ತು. ಅದ್ರಾಗೆ ದೀಪ ಹಚ್ಚಬಹುದಿತ್ತು, ಕುಡಿಯಾಕೆ ಬರ್ತಿರಲಿಲ್ಲ. ನಲ್ಲಿ ಇದ್ದಿದ್ದು ಮಂಡಿಪೇಟೆ ಹಿಂದಿನ ಓಣಿ ಮೂಲೆಯಾಗೆ. ಹಿತ್ತಾಳೆ ನಲ್ಲಿ. ಬಂಗಾರದಂಗೆ ಹೊಳೀತಿತ್ತು. ಯಾರು ಉಜ್ಜಿದ್ರೋ ಗೊತ್ತಿಲ್ಲ, ನಾನಂತೂ ಅಲ್ಲ. ನಾವು ಅದನ್ನ ಮುಟ್ಟಂಗಿರಲಿಲ್ಲ.

ಹೆಂಗೆ ಅಂದ್ರೆ, ನಾವು ಕೊಡ ತಗಂಡೋಗಿ ನೆಲಕ್ಕೆ ಇಡಬೇಕು. ಇಟ್ಟು ಹಿಂದಕ್ಕೆ ಸರೀಬೇಕು. ನೆಳ್ಳೂ ಸರೀಬೇಕು. ಓಣಿ ಹೆಣ್ಮಕ್ಳು ತಮ್ಮ ಕೊಡ ತುಂಬ್ಕಂಡು, ಮನಸು ಬಂದ್ರೆ, ಮ್ಯಾಲಿಂದ ನಮ್ಮ ಕೊಡಕ್ಕೆ ಹೊಯ್ತಾರೆ. ಕೊಡಕ್ಕೆ ಕೊಡ ತಾಕಬಾರದು. ಅರ್ಧ ನೀರು ಮಣ್ಣಿಗೆ. ಮನಸು ಬರಲಿಲ್ಲ ಅಂದ್ರೆ ನಿಂತ್ಕಂಡಿರಬೇಕು.

ಓಣಿಯಾಗೆ ಮನಸು ಬರ್ತಿದ್ದಿದ್ದು ಒಬ್ಬಾಕಿಗೆ. ಕಾಳಿನ ಮಂಡಿ ಶಿವಮೂರ್ತಪ್ಪನ ಹೆಂಡ್ತಿ, ಸರ್ವಮಂಗಳಮ್ಮ. ಭಾಳ ಒಳ್ಳೇ ಹೆಣ್ಮಗಳು. ನಾನು ಚಾಷ್ಟಿ ಮಾಡ್ತಿಲ್ಲ. ಹಣೆ ತುಂಬ ಈಬತ್ತಿ, ಮೈ ತುಂಬ ಸೆರಗು, ಬಾಯಿ ತುಂಬ ಶಿವ ಶಿವ. ದಿನಾ ನಮ್ಮ ಕೇರಿ ಕೊಡಗಳಿಗೆಲ್ಲಾ ಆಕೀನೇ ಹೊಯ್ತಿದ್ಲು. ಒಂದು ಹನಿ ಚೆಲ್ಲದಂಗೆ ಹೊಯ್ತಿದ್ಲು. ನಿಧಾನಕ್ಕೆ, ಸಣ್ಣ ಧಾರೆ. ಕಣ್ಣು ಕೊಡದ ಬಾಯಿ ಬಿಟ್ಟು ಅಲ್ಲಾಡ್ತಿರಲಿಲ್ಲ. ಕೊಡದ ಹಿಂದೆ ಯಾರು ನಿಂತಾರೆ ಅಂತ ಒಂದಿನನೂ ನೋಡಿದಾಕಿ ಅಲ್ಲ. ನೋಡಿದ್ರೆ ಧಾರೆ ತಪ್ತಿತ್ತು.

ಸೋಮವಾರ ಮಾತ್ರ ಆಕಿ ಇರ್ತಿರಲಿಲ್ಲ. ಹರಿಹರಕ್ಕೆ ಹೊಳೆ ಸ್ನಾನಕ್ಕೆ ಹೋಗ್ತಿದ್ಲು. ಸೋಮವಾರ ನಮ್ಮ ಕೇರಿಗೂ ಉಪಾಸ. ಆಕಿದು ಅನ್ನ ಬಿಟ್ಟು, ನಮ್ದು ನೀರು ಬಿಟ್ಟು.

ನೀರು ಹಂಗೇ ಐತಲ್ಲ ತಂಗಿ. ಇರ್ಲಿ, ಆಮ್ಯಾಲೆ ಕುಡಿ.

ಹಂಗಿರೋವಾಗ ಬಂದ್ರು ನೋಡು ಮನಸಿನ ಮೇಷ್ಟ್ರು. ಮೈಸೂರು ಕಡೆಯೋರು. ಹೆಸ್ರು ಏನೋ ಉದ್ದ ಇತ್ತು, ಇಲ್ಲಿಂದ ಹರಿಹರದ ತನ್ಕ. ನಾನು ಮನಸಿನ ಮೇಷ್ಟ್ರು ಅಂತಿದ್ದೆ. ಕೋಟು, ಕನ್ನಡಕ, ಕೈಯಾಗೆ ಪೆನ್ನು. ಮಂಡಿಪೇಟೆ ಅಂಗಡಿ ಅಂಗಡಿಗೆ ಹೋಗಿ ಕೇಳ್ತಿದ್ರು. ದೇವ್ರನ್ನ ನಂಬ್ತೀರಾ? ದಿನಾ ಪೂಜೆ ಮಾಡ್ತೀರಾ? ದಾರಿಯಾಗೆ ಬಾಯಾರಿ ಬಿದ್ದೋರಿಗೆ ನೀರು ಕೊಡ್ತೀರಾ? ಎಲ್ಲಾರೂ ಹೂಂ ಅಂದ್ರು. ಶಿವಮೂರ್ತಪ್ಪ ಅಂತೂ, "ನೀರೇನ್ರಿ, ಹಾಲೇ ಕೊಡ್ತೀನಿ" ಅಂದ. ನಾನು ಅವ್ನ ಅಂಗಡಿ ಮುಂದೇ ಚರಂಡಿಯಾಗಿದ್ದೆ. ನನ್ನ ಕಿವಿ ಚರಂಡಿಗೆ ಬಿದ್ದಿರಲಿಲ್ಲ.

ಮೇಷ್ಟ್ರು ನನ್ನ ದಾಟ್ಕಂಡು ಮುಂದಿನ ಅಂಗಡಿಗೆ ಹೊಂಟ್ರು.

"ನನ್ನ ಕೇಳಲ್ಲೇನ್ರಿ?" ಅಂದೆ.

ನಿಂತು ನೋಡಿದ್ರು. "ಏನಮ್ಮ?"

"ನಂಗೂ ದೇವ್ರು ಅದಾಳೆ. ಮಾರೆವ್ವ. ನಾನೂ ನೀರು ಕೊಡ್ತೀನಿ. ಆದ್ರೆ ನಂತಾವ ನೀರಿಲ್ಲ."

ಅವ್ರು ನಗಲಿಲ್ಲ. ನನ್ನ ಮ್ಯಾಲಿಂದ ಕೆಳಗೆ ನೋಡಿದ್ರು. ಸಂತ್ಯಾಗೆ ಎತ್ತು ನೋಡ್ತಾರಲ್ಲ, ಹಂಗೆ. ಸಂಜಿ ಆಗೋ ಹೊತ್ತಿಗೆ ಜಟಕಾ ಹೊಡೆಯೋ ಹಯಾತ್ ಸಾಬ್ ಕೇರಿ ಬಾಯಿಗೆ ಬಂದು ಕೂಗಿದ. "ಕೆಂಚವ್ವಕ್ಕಾ, ಆ ಕೋಟಿನ ಸಾಹೇಬ್ರು ಕರೀತಾವ್ರೆ. ಏನೋ ಕೆಲ್ಸ ಐತಂತೆ. ನಂಗೆ ತಿಳೀಲಿಲ್ಲ, ನಿಂಗೆ ತಿಳಿದ್ರೆ ನಂಗೂ ಹೇಳು."

ಮೇಷ್ಟ್ರು ಒಂದು ಹೋಟೆಲ್ ಮುಂದೆ ಇದ್ರು. "ಬಾಮ್ಮ, ಕಾಫಿ ಕುಡೀತಾ ಮಾತಾಡೋಣ. ನಾನು ಜಾತಿ ಎಲ್ಲಾ ಬಿಟ್ಟವನು. ನನಗೆ ಜಾತಿ ಇಲ್ಲ" ಅಂದ್ರು. ಆಮ್ಯಾಲೆ ಒಳಗೆ ಹೋಗಿ ಕುಂತ್ರು. ನಾನು ಹೊರಗೆ ಕುಂತೆ. ಜಾತಿ ಇಲ್ಲದೋರಿಗೆ ಒಳಗೆ ಪಿಂಗಾಣಿ ಕಪ್ಪು. ಇರೋರಿಗೆ ಹೊರಗೆ, ಗೋಡೆ ಗೂಟಕ್ಕೆ ಸಿಕ್ಸಿದ ಕರಟ. ಕುಡಿದು ತೊಳೆದು ಮತ್ತೆ ಗೂಟಕ್ಕೆ ಸಿಕ್ಸಬೇಕು. ಕಿಟಕಿಯಾಗೆ ಮಕ ಇಟ್ಟು ಮೇಷ್ಟ್ರು ಮಾತಾಡಿದ್ರು. ಹೋಟೆಲಿನೋನ ನಿಯಮ, ನಾನೇನು ಮಾಡ್ಲಿ ಅಂತ್ಲೂ ಅಂದ್ರು. ಖರೆ. ಅವ್ರೇನು ಮಾಡ್ತಾರೆ, ಪಾಪ. ಕಾಫಿ ಆರಿ ಹೋಗ್ತಿತ್ತು.

"ಇದೊಂದು ಪ್ರಯೋಗ ಕಣಮ್ಮ" ಅಂದ್ರು. "ಬಾಯಲ್ಲಿ ಎಲ್ಲರೂ ದಯೆ ಅಂತಾರೆ. ಕೈಯಲ್ಲಿ ಏನು ಮಾಡ್ತಾರೆ ನೋಡಬೇಕು. ನೀನು ಹರಿಹರದಲ್ಲಿ, ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗೋ ದಾರಿಯಲ್ಲಿ, ತಲೆ ತಿರುಗಿ ಬೀಳಬೇಕು. ಬಿದ್ದು 'ನೀರು' ಅನ್ನಬೇಕು. ಒಂದು ಸೋಮವಾರ ನೀನು ಇರೋ ಹಾಗೇ. ಇನ್ನೊಂದು ಸೋಮವಾರ ಒಳ್ಳೇ ಸೀರೆ, ವಿಭೂತಿ ಹಚ್ಚಿಕೊಂಡು. ಅದೇ ಹೆಂಗಸು, ಅದೇ ಜಾಗ. ಯಾರು ಏನು ಮಾಡ್ತಾರೆ ನಾನು ಬರ್ಕೋತೀನಿ."

"ಇಲ್ಲೇ ಬೀಳ್ತೀನಲ್ಲ. ಹರಿಹರ ಯಾಕ?"

"ಇಲ್ಲಿ ನಿನ್ನ ಮುಖ ಎಲ್ಲರಿಗೂ ಗೊತ್ತಿರುತ್ತೆ."

"ನನ್ನ ಮಕ ಯಾರಿಗೆ ಗೊತ್ತೈತ್ರೀ? ನನ್ನ ಸಲಿಕೆ ಗೊತ್ತೈತೆ."

ಅದನ್ನ ಅವ್ರು ಬರ್ಕಳಲಿಲ್ಲ.

"ಮತ್ತೆ ನನ್ನ ಮನಸಿನಾಗೆ ಏನೈತೆ ಅಂತ ಕೇಳಲ್ವಾ?" ಅಂದೆ.

"ನಿನ್ನ ಮನಸ್ಸಿನ ಬಗ್ಗೆ ಅಲ್ಲಮ್ಮ ಅಧ್ಯಯನ. ನೀನು ಬರೀ ಬೀಳಬೇಕು."

ಇನ್ನೂ ಯಾವ ಜಾತಿಯೋರು ಮಾಡದ ಕೆಲ್ಸ ಅದು. ಚಪ್ಪಲಿ ಹೊಲಿಯೋದು ಐತೆ, ಹೊಲ ಉಳೋದು ಐತೆ, ಬರೀ ಬೀಳೋ ಕೆಲ್ಸ ಯಾರಿಗೂ ಇರಲಿಲ್ಲ. ಅದೂ ನಮ್ಮ ಪಾಲಿಗೇ ಬಂತು.

ಕೂಲಿ ಏನು ಬೇಕು ಅಂದ್ರು. ನಾನು ಅಂದೆ, "ನಮ್ಮ ಕೇರಿಗೆ ನಲ್ಲಿ." ಮೇಷ್ಟ್ರು ಕೈ ಎದಿ ಮ್ಯಾಲೆ ಇಟ್ಟು, "ಮುನ್ಸಿಪಾಲಿಟಿ ದೊಡ್ಡವರು ನನಗೆ ಗೊತ್ತು. ನಾನು ಹೇಳಿದರೆ ಆಗುತ್ತೆ. ನಿನ್ನ ಕೇರಿಗೆ ನಲ್ಲಿ ಬಂತು ಅಂತಲೇ ತಿಳ್ಕೋ" ಅಂದ್ರು.

ನಾನು ತಿಳ್ಕಂಡೆ. ಕೇರಿಗೆ ಹೋಗಿ ಹೇಳೂ ಹೇಳಿದೆ. ಮಗ್ಗುಲ ಗುಡಿಸಲ ಹಂಪವ್ವ ಆವತ್ತೇ ನಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ಜಗಳ ತೆಗೆದ್ಲು. ಆಕಿ ಸೊಸಿಗೆ ಬಾಣಂತನ. ಹಸಿ ಬಾಣಂತಿಗೆ ನೀರು ಬೇಕು, ಕೂಸಿನ ಬಟ್ಟೆಗೆ ನೀರು ಬೇಕು. "ನಲ್ಲಿ ನಮ್ಮ ಬಾಗ್ಲಿಗೇ ಬರಬೇಕು ಕಣೇ, ನೀನು ಎಷ್ಟು ಸಲ ಬೇಕಾದ್ರೂ ಬೀಳು" ಅಂದ್ಲು.

ಮೊದ್ಲ ಸೋಮವಾರ. ಹಯಾತ್ ಸಾಬನ ಜಟಕಾದಾಗೆ ಮೇಷ್ಟ್ರು ಮುಂದೆ, ನಾನು ಹಿಂದೆ ಹುಲ್ಲಿನ ಚೀಲದ ಮ್ಯಾಲೆ. ಹರಿಹರದಾಗೆ ಬಿಸಿಲು ಅಂದ್ರೆ, ಕಾಗಿ ಕೊಡೆ ಹಿಡ್ಕಂಡು ಹಾರ್ತಿದ್ವು. ಮೇಷ್ಟ್ರು ಅರಳೀಕಟ್ಟೆ ನೆಳ್ಳಾಗೆ ಪೇಪರ್ ಹಿಡ್ಕಂಡು ಕುಂತ್ರು. ನಾನು ದಾರಿ ಮಧ್ಯೆ ಬಂದು ಬಿದ್ದೆ.

ಚೆಂದಾಗೇ ಬಿದ್ದೆ. ಕಲ್ಲು ಬಾಣಲಿಯಂಗೆ ಕಾದಿತ್ತು. ಕೆನ್ನೆ ಚುರ್ರ್ ಅಂತು. "ನೀರು" ಅಂದೆ. ಮೊದ್ಲು ಅಂದಿದ್ದು ಸುಳ್ಳಿಗೆ. ಸ್ವಲ್ಪ ಹೊತ್ತಿಗೆ ಅದು ಖರೇನೇ ಆತು.

ಜನ ಬಂದ್ರು. ಒದ್ದೆ ಪಂಚೆ, ಒದ್ದೆ ಸೀರೆ, ಕೈಯಾಗೆ ತುಂಬಿದ ತಂಬಿಗಿ. ಒಬ್ಬ ಕೊಡೆ ತುದಿಯಿಂದ ತಿವಿದು, "ಕುಡಿದೈತೆ" ಅಂದ. ಒಬ್ಬ ಮುದುಕ ನನ್ನಿಂದ ಅಷ್ಟು ದೂರ ಸುತ್ತಿ ಹೋಗಾಕೆ ಹೋಗಿ ಸಗಣಿ ಮ್ಯಾಲೆ ಕಾಲಿಟ್ಟು ಜಾರಿ, ವಾಪಸ್ಸು ಹೊಳಿಗೆ ಸ್ನಾನಕ್ಕೆ ಹೋದ. ಸಗಣಿ ಮುಟ್ಟಿದ್ದಕ್ಕೋ, ನನ್ನ ಕಂಡಿದ್ದಕ್ಕೋ, ಹೇಳಲಿಲ್ಲ. ಒಬ್ಬಾಕಿ ತನ್ನ ಮಗಳಿಗೆ, "ದಾಟಬ್ಯಾಡ, ಸುತ್ತಿ ಬಾ" ಅಂದ್ಲು. ಯಾರೂ ಕೆಟ್ಟೋರಲ್ಲ. ಯಾರೂ ನನ್ನ ಒದೀಲಿಲ್ಲ. ನಡ್ಕಂಡು ಹೋದ್ರು, ಅಷ್ಟೇ.

ಆಮ್ಯಾಲೆ ಕಾಲುಂಗುರದ ಎರಡು ಕಾಲು ನನ್ನ ಮಕದ ಮುಂದೆ ನಿಂತ್ವು. ಆ ಕಾಲು ನಂಗೆ ಗೊತ್ತು. ದಿನಾ ನಲ್ಲಿತಾವ ತಲೆ ಬಗ್ಗಿಸ್ಕಂಡು ನೋಡಿದ ಕಾಲು. ಸರ್ವಮಂಗಳಮ್ಮ. ಸಿಕ್ಕಿಬಿದ್ದೆ ಅನ್ಕಂಡೆ.

ಆಕಿ ನೋಡಿದ್ಲು. ನನ್ನ ಸೀರೆ ನೋಡಿದ್ಲು, ಹರಿದ ಕುಬಸ ನೋಡಿದ್ಲು, ಬರೀ ಹಣೆ ನೋಡಿದ್ಲು. ಮಕ ನೋಡಲಿಲ್ಲ. "ಪಾಪ" ಅಂದ್ಲು. ಅಷ್ಟು ಮೆತ್ತಗೆ ಅಂದ್ಲು. "ಅವ್ರ ಕಡೆಯೋರು ಯಾರಾದ್ರೂ ಇದ್ರೆ ನೀರು ಹಾಕ್ರೋ" ಅಂದ್ಲು. ಕೈಯಾಗೆ ಬೆಳ್ಳಿ ತಂಬಿಗಿ. ತುಂಬಿ ತುಳುಕ್ತಿತ್ತು. ಒಂದು ಹನಿ ನನ್ನ ಕೈ ಮ್ಯಾಲೆ ಬಿತ್ತು. ಸೆರಗು ಒಟ್ಟು ಮಾಡ್ಕಂಡು, ಸುತ್ತಿ, ಆ ನೀರು ದೇವ್ರಿಗೆ ತಗಂಡು ಹೋದ್ಲು. ದೇವ್ರು ಹೊಳೆ ದಂಡ್ಯಾಗೇ ಅದಾನೆ. ಆದ್ರೂ ಅವ್ನಿಗೇ ಬಾಯಾರಿಕೆ ಜಾಸ್ತಿ.

ಕಡಿಗೆ ನೀರು ಕೊಟ್ಟಿದ್ದು ಹಯಾತ್ ಸಾಬ್. ಕುದುರಿಗೆ ನೀರು ಇಡೋ ಬಕೀಟು ತಂದು ನನ್ನ ತಲಿ ಎತ್ತಿ ಕುಡಿಸಿದ. ಮೇಷ್ಟ್ರು ಕಟ್ಟಿಯಿಂದ ಓಡಿ ಬಂದ್ರು.

"ಏನ್ರೀ ಸಾಬ್ರೇ! ಎಲ್ಲಾ ಕೆಡಿಸಿಬಿಟ್ಟಿರಿ! ನೀವು ಲೆಕ್ಕಕ್ಕಿಲ್ಲ!"

"ಲೆಕ್ಕಕ್ಕಿಲ್ಲ ಅಂತ್ಲೇ ಸಾಹೇಬ್ರೇ ಬಂದಿದ್ದು" ಅಂದ ಹಯಾತ್ ಸಾಬ್. "ಲೆಕ್ಕದೋರು ಎಲ್ಲಾ ಹೋದ್ರಲ್ಲ."

ನಗು ಬಂತೇನು? ನಗು. ನಗೋವಾಗ ಗಂಟ್ಲು ಒಣಗ್ತೈತೆ, ನೀರು ಕುಡಿ. ಬ್ಯಾಡವಾ? ಇರ್ಲಿ.

ಎರಡ್ನೇ ಸೋಮವಾರ. ಮೇಷ್ಟ್ರು ಯಾರದೋ ಇಳಕಲ್ ಸೀರೆ ತಂದಿದ್ರು. ಹಂಪವ್ವ ನನ್ನ ಮೈ ಉಜ್ಜಿದ್ಲು. ಹಿಂದಿನ ದಿನ ಸರ್ವಮಂಗಳಮ್ಮ ಹೊಯ್ದ ನೀರನ್ನ ಬಾಣಂತಿಗೆ ಅಂತ ಇಟ್ಟಿದ್ಲು. ಅದ್ರಾಗೇ ನನ್ನ ತೊಳೆದ್ಲು. "ನಲ್ಲಿ ಬರ್ತೈತಲ್ಲ" ಅಂದ್ಲು. ಸೀರೆ ಉಡಿಸಿ, ಈಬತ್ತಿ ಬಳಿದು, ದೂರ ನಿಂತು ನೋಡಿದ್ಲು. "ಲೇ ಕೆಂಚಿ, ಹಿಂಗಿದ್ರೆ ನಾನೇ ನಿನ್ನ ಮುಟ್ಟಲ್ಲ ಕಣೇ. ಹೆದ್ರಿಕಿ ಆಗ್ತೈತೆ."

ಆವತ್ತು ನನ್ನ ಬೀಳಾಕೇ ಬಿಡಲಿಲ್ಲ ಜನ. ಮಂಡಿ ಬಗ್ಗೋ ಹೊತ್ತಿಗೆ ಕೈ ಬಂದ್ವು. ಹೋದ ವಾರ ಕೊಡೆಯಿಂದ ತಿವಿದೋನು ಅದೇ ಕೊಡೆ ಬಿಚ್ಚಿ ನೆಳ್ಳು ಹಿಡಿದ. ಸಗಣಿ ಮುದುಕ ಶಲ್ಯದಾಗೆ ಗಾಳಿ ಬೀಸಿದ. ಒಬ್ಬ ಮಜ್ಜಿಗಿ ಅಂದ, ಒಬ್ಬ ಎಳನೀರು ಅಂದ. ಊರಿಗೆ ಊರೇ ನನ್ನ ಬದುಕಿಸಾಕೆ ನಿಂತಿತ್ತು. ನಾನು ಇನ್ನೊಂದು ತಾಸು ಬಿದ್ದಿದ್ರೆ ನನಗೊಂದು ಗುಡಿ ಕಟ್ತಿದ್ರು.

"ದಾರಿ ಬಿಡ್ರೋ, ಗಾಳಿ ಬಿಡ್ರೋ" ಅಂತ ಬಂದಾಕಿ ಸರ್ವಮಂಗಳಮ್ಮ. ಕಾದ ಕಲ್ಲಿನ ಮ್ಯಾಲೆ ಹಂಗೇ ಕುಂತ್ಲು. ನನ್ನ ತಲಿ ತೊಡಿ ಮ್ಯಾಲೆ ಇಟ್ಕಂಡ್ಲು. ಗದ್ದ ಹಿಡಿದು ಬೆಳ್ಳಿ ತಂಬಿಗಿ ನನ್ನ ತುಟಿಗೆ ಹಚ್ಚಿದ್ಲು. ಮ್ಯಾಲಿಂದ ಅಲ್ಲ. ತುಟಿಗೆ. "ಕುಡಿ ತಾಯಿ, ಸಾವಕಾಶ" ಅಂದ್ಲು. ಸೆರಗಿನಾಗೆ ಬಾಯಿ ಒರೆಸಿದ್ಲು. ನನ್ನ ಹಡೆದವ್ವ ಸತ್ತ ಮ್ಯಾಲೆ ನನ್ನ ತಲಿನ ಯಾರೂ ಹಂಗೆ ಹಿಡಿದಿರಲಿಲ್ಲ. ಆಕಿ ತೊಡಿ ಮೆತ್ತಗಿತ್ತು, ಒದ್ದೆ ಸೀರೆ ತಣ್ಣಗಿತ್ತು. ನನ್ನ ಕಣ್ಣಾಗೆ ನೀರು ಬಂತು. ಮೇಷ್ಟ್ರು ಅದನ್ನ ಹೇಳಿರಲಿಲ್ಲ, ತಾನೇ ಬಂತು.

"ಎಚ್ರ ಆತು, ಎಚ್ರ ಆತು" ಅಂದ್ಲು. ಆಮ್ಯಾಲೆ ಮೊದ್ಲ ಸಲ ನನ್ನ ಮಕ ನೋಡಿದ್ಲು. ನೋಡ್ತಾನೇ ಇದ್ಲು. "ನಿನ್ನ ಎಲ್ಲೋ ನೋಡ್ದಂಗೈತಲ್ಲವ್ವ. ಮಾಯಕೊಂಡದ ಮದಿವ್ಯಾಗೆ ಅಲ್ಲೇನು?"

ನಾನು ಹೂಂ ಅಂತ ಗೋಣು ಹಾಕಿದೆ. ಅಲ್ಲ ಅಂದಿದ್ರೆ ಎಲ್ಲಿ ಅಂತ ಹೇಳಬೇಕಿತ್ತು.

ವಾಪಸ್ಸು ಬರೋವಾಗ ಹಯಾತ್ ಸಾಬ್ ಹಿಂದಕ್ಕೆ ತಿರುಗಿ ತಿರುಗಿ ನೋಡ್ಕಂಡು ಕುದುರಿ ಹೊಡೀತಿದ್ದ. "ಯಾ ಅಲ್ಲಾ! ಅಕ್ಕಾ, ಗೊತ್ತಾಗಿದ್ರೆ ನಿನ್ನ ಅಲ್ಲೇ ಹೊಳಿಗೆ ಹಾಕ್ತಿದ್ರು. ನನ್ನ ಕುದುರಿನೂ ಹಾಕ್ತಿದ್ರು." ಮೇಷ್ಟ್ರು ಕೇಳಿಸ್ಕಳಲಿಲ್ಲ. ಬರೀತಾ ಇದ್ರು. "ಅದ್ಭುತ, ಅದ್ಭುತ" ಅಂತಿದ್ರು. ಜಟಕಾ ಕುಲುಕಾಡಿದ್ರೂ ಬರೀತಿದ್ರು. ನನ್ನ ಕೆನ್ನಿ ಮ್ಯಾಲೆ ಹೋದ ವಾರದ ಬೊಬ್ಬೆ ಇನ್ನೂ ಇತ್ತು. ಅದನ್ನೂ ನೋಡಲಿಲ್ಲ.

ಕೇರಿಗೆ ಬಂದೆ. ಕೊಡ ಎಲ್ಲಾ ಖಾಲಿ. ಸೋಮವಾರ ಆದ್ರೂ ಬ್ಯಾರೆ ಯಾರಾದ್ರೂ ಹೊಯ್ದಾರು ಅಂತ ಹೆಣ್ಮಕ್ಳು ಬೆಳಿಗ್ಗೆಯಿಂದ ನಲ್ಲಿತಾವ ನಿಂತು, ಮಣ್ಣು ನೋಡಿ, ವಾಪಸ್ಸು ಬಂದಿದ್ರು. ಹಂಪವ್ವ ಬಾಗ್ಲಾಗೆ ಕುಂತಿದ್ಲು. ಸೊಸಿ ಗಂಟ್ಲು ಒಣಗಿ, ತಡಿಯಾಕಾಗದೆ ಹೊಂಡದ ನೀರು ಕುಡಿದಿದ್ಲು. ಕುಡಿದಿದ್ದೆಲ್ಲಾ ವಾಂತಿ. ಎದಿಯಾಗೆ ಹಾಲಿಲ್ಲ. ಕೂಸು ಅಳ್ತಾ ಅಳ್ತಾ ದನಿ ಹೋಗಿ ಬರೀ ಬಾಯಿ ತೆಗೀತಿತ್ತು.

"ಹೊಳೆ ಸ್ನಾನಕ್ಕೆ ಹೋದ ಸರ್ವಮಂಗಳಮ್ಮ ಇಷ್ಟೊತ್ತಾದ್ರೂ ಎಲ್ಲಿ ಹಾಳಾಗಿ ಹೋದ್ಲೋ" ಅಂದ್ಲು ಹಂಪವ್ವ.

ನಮ್ಮ ಕೇರಿಗೆ ನೀರು ಹೊಯ್ಯೋ ಕೈ ಹರಿಹರದಾಗೆ ನನ್ನ ಗದ್ದ ಹಿಡ್ಕಂಡಿತ್ತು.

ಮಾರನೇ ದಿನ ಬೆಳಿಗ್ಗೆ ಮೇಷ್ಟ್ರು ಇಳ್ಕಂಡಿದ್ದ ಛತ್ರಕ್ಕೆ ಹೋದೆ. ಹೊರಗೆ ನಿಂತು ಕೂಗಿದೆ. ಬಾಯಾಗೆ ಹಲ್ಲುಪುಡಿ ಇಟ್ಕಂಡು ಬಂದ್ರು.

"ಸ್ವಾಮಿ, ನಲ್ಲಿ?"

"ಹೇಳ್ತೀನಮ್ಮ. ಖಂಡಿತ ಹೇಳ್ತೀನಿ. ಆದರೆ ಈಗಲೇ ಅಲ್ಲ."

"ಯಾವಾಗ?"

ಬಾಯಿ ಮುಕ್ಕಳಿಸಿ ಉಗುಳಿದ್ರು. ಒಂದು ತಂಬಿಗಿ ನೀರು ಮಣ್ಣಿಗೆ. "ನೋಡು, ಮುಂದಿನ ವರ್ಷ ಮತ್ತೆ ಬರ್ತೀನಿ. ಇದೇ ಪ್ರಯೋಗ ಇನ್ನೊಮ್ಮೆ ಮಾಡಬೇಕು. ನಡುವೆ ನಿಮ್ಮ ಕೇರಿಗೆ ನಲ್ಲಿ ಬಂತು ಅನ್ಕೋ, ಊರಲ್ಲಿ ಮಾತು ಹುಟ್ಟುತ್ತೆ, ಪರಿಸ್ಥಿತಿ ಬದಲಾಗುತ್ತೆ. ನನ್ನ ಅಧ್ಯಯನ ಕೆಡುತ್ತೆ. ಎಲ್ಲಾ ಈಗ ಹೇಗಿದೆಯೋ ಹಾಗೇ ಇರಬೇಕು. ಇದರಿಂದ ಮುಂದೆ ನಿಮ್ಮ ಜನಕ್ಕೇ ಒಳ್ಳೇದು. ಬರೋ ಸೋಮವಾರ ಒಂದು ಸಲ ಬಿದ್ದುಬಿಡು."

ಹಂಗಂದ ಅವ್ನು. ಇಲ್ಲಿತನ್ಕ ಅಂದ್ರು ಅಂದ್ರು ಅಂತಿದ್ದೆ. ಇನ್ನು ಅನ್ನಲ್ಲ.

ಕೂಸು ಬಾಯಿ ತೆಗೆದಿದ್ದು ಕಣ್ಣಿಗೆ ಬಂತು. ಅದೂ ಹಂಗೇ ಇರಬೇಕು. ಮುಂದಿನ ವರ್ಸದ ತನ್ಕ ಬಾಯಿ ಹಂಗೇ ತೆಕ್ಕಂಡಿರಬೇಕು. ಇವ್ನು ಬಂದು ಬರ್ಕಳಾಕೆ.

"ಬೀಳಲ್ಲ" ಅಂದೆ.

"ಏನು?"

"ಬೀಳಲ್ಲ."

"ಏನಮ್ಮ ಹೀಗಂದ್ರೆ! ನಿನ್ನಷ್ಟು ಚೆನ್ನಾಗಿ ಬೀಳೋರು ನನಗೆ ಸಿಗಲ್ಲ."

"ಬೀಳೋದು ಯಾರಿಗೆ ಬೇಕಾದ್ರೂ ಬರ್ತೈತೆ. ನೀವೇ ಬೀಳ್ರಿ. ಒಂದಿನ ನಿಮ್ಮ ಕೋಟು ಹಾಕ್ಕಂಡು ಬೀಳ್ರಿ. ಒಂದಿನ ನನ್ನ ಸೀರೆ ಉಟ್ಕಂಡು, ಬುಟ್ಟಿ ಹೊತ್ಕಂಡು ಬೀಳ್ರಿ. ಬುಟ್ಟಿ ನಾನು ತುಂಬಿ ಕೊಡ್ತೀನಿ."

"ಅದು ಹೇಗಾಗುತ್ತೆ?"

"ಹೆಂಗಾಗ್ತೈತೆ ಅಂತ ನೋಡಾಕೇ ಅಲ್ಲೇನ್ರಿ ಪ್ರಯೋಗ?"

ಮಕ ಕೆಂಪಗಾತು. ಆ ಇಳಕಲ್ ಸೀರೆ ಯಾರದೋ, ವಾಪಸ್ ಕೊಡಬೇಕು, ತಂದುಕೊಡು ಅಂದ. "ಇನ್ನೊಂದು ಸಲ ಉಟ್ಕಂಡು ಕೊಡ್ತೀನಿ" ಅಂದೆ.

ಕೇರಿಗೆ ಹೋದೆ. ಸೀರೆ ಉಟ್ಟೆ. ಒಲಿ ಬೂದಿ ಜರಡಿ ಹಿಡಿದು ಹಣಿ ತುಂಬ ಬಳ್ಕಂಡೆ. ಅವ್ನ ಈಬತ್ತಿ ಮುಗಿದಿತ್ತು, ನಮ್ಮ ಬೂದಿ ಮುಗೀತೈತೇನು? ಹಂಪವ್ವಗೆ ಅಂದೆ, "ಕೊಡ ತಗಾ. ಎಲ್ಲಾರಿಗೂ ತಗಳಾಕೆ ಹೇಳು. ನನ್ನ ಹಿಂದೆ ಬರ್ರಿ. ಇವತ್ತು ಕೊಡ ನೆಲಕ್ಕೆ ಇಡಬ್ಯಾಡ್ರಿ. ಸೊಂಟದಾಗೇ ಇರ್ಲಿ."

"ಹೊಡೀತಾರೆ ಕಣೇ" ಅಂದ್ಲು.

"ಹೊಡೀಲಿ."

"ಆಯ್ತು ನಡಿ" ಅಂದ್ಲು. ಸೊಸಿ ಕಡಿ ನೋಡಿ ಅಂದ್ಲು.

ಮಂಡಿಪೇಟೆ ಓಣಿ. ಇಳಕಲ್ ಸೀರೆ ಉಟ್ಟು ನಾನು ಮುಂದೆ, ಹಿಂದೆ ಕೇರಿ ಹೆಣ್ಮಕ್ಳು. ಜನ ನನಗೆ ದಾರಿ ಬಿಟ್ರು. ಅವ್ರನ್ನ ನೋಡಿ ಬಾಯಿ ಬಿಟ್ರು. ದೊಡ್ಡ ಮನಿ ಅಮ್ಮ ಇವ್ರನ್ನ ಯಾಕ ಕರ್ಕಂಡು ಹೊಂಟಾಳೆ ಅಂತ ಯಾರಿಗೂ ತಿಳೀಲಿಲ್ಲ. ಹಯಾತ್ ಸಾಬ್ ಜಟಕಾ ನಿಲ್ಲಿಸಿ ಇಳಿದ. ಮೇಷ್ಟ್ರು ಶಿವಮೂರ್ತಪ್ಪನ ಕಟ್ಟೆ ಮ್ಯಾಲೆ ಕುಂತು ಇನ್ನೂ ಏನೋ ಕೇಳ್ತಿದ್ದ. ನನ್ನ ನೋಡಿ ಎದ್ದು ನಿಂತ. ಪೆನ್ನು ಹಂಗೇ ಕೈಯಾಗೆ.

ನಲ್ಲಿತಾವ ಸರ್ವಮಂಗಳಮ್ಮ. ಕೊಡ ನಲ್ಲಿ ಕೆಳಗೆ ಇಟ್ಟಿದ್ಲು. ನನ್ನ ಕಂಡ್ಲು. ಮಕ ಹಂಗೇ ಅರಳ್ತು ನೋಡು, ಸೂರ್ಯಕಾಂತಿ.

"ಏ ನಮ್ಮವ್ವಾ! ನೀನು! ಆರಾಮಾದ್ಯೇನು? ನಿನ್ನೆಯಿಂದ ನಿಂದೇ ಧ್ಯಾನ ನಂಗೆ. ಬಾ ಬಾ. ನೀರು ಬೇಕೇನು? ಮೊದ್ಲು ನೀ ಹಿಡ್ಕ." ತನ್ನ ಕೊಡ ಪಕ್ಕಕ್ಕೆ ಸರಿಸಿದ್ಲು. ತಾನೂ ಸರಿದ್ಲು. ನನಗೆ ಜಾಗ ಬಿಟ್ಟು ಆಕಿ ಹಿಂದಕ್ಕೆ ಸರಿದ್ಲು, ತಂಗಿ.

ನಾನು ನಲ್ಲಿಗೆ ಕೈ ಹಾಕಿದೆ. ತಣ್ಣಗಿತ್ತು. ಮದಿವಿ ಆಗಿ ಬಂದಾಗಿಂದ ನೋಡಿದ ನಲ್ಲಿ, ಆವತ್ತು ಮುಟ್ಟಿದೆ. ಯಾವ ಕಡಿ ತಿರುವಬೇಕು ಅಂತ ತಿಳೀಲಿಲ್ಲ. ಮೊದ್ಲು ತಪ್ಪು ತಿರುವಿದೆ, ಬರ್ತಿದ್ದ ನೀರೂ ನಿಂತು ಹೋತು. ಆಮ್ಯಾಲೆ ಈ ಕಡಿ ತಿರುವಿದೆ. ಬಂತು. ಬೊಗಸಿ ಒಡ್ಡಿದೆ. ಮಕ ತೊಳೆದೆ. ಗಸಗಸ ಉಜ್ಜಿ ತೊಳೆದೆ. ಬೂದಿ ನೀರು ಗದ್ದದಿಂದ ಇಳಿದು ಸೀರಿ ಮ್ಯಾಲೆ ಬಿತ್ತು. ಒರೆಸ್ಕಳಲಿಲ್ಲ. ಬರೀ ಹಣಿ ಎತ್ತಿ ಆಕಿನ ನೋಡಿದೆ.

"ಅಮ್ಮಾರೆ, ನಾನು ಕೆಂಚಿ. ಚರಂಡಿ ಬಳಿಯಾಕಿ. ದಿನಾ ನಿಮ್ಮ ಮುಂದೆ ಕೊಡ ಇಟ್ಟು ಹಿಂದಕ್ಕೆ ಸರೀತೀನಲ್ಲ, ಆಕಿ. ಮೊದ್ಲ ಸೋಮವಾರ ನೀವು ಪಾಪ ಅಂದ್ರಿ. ಅದು ನಾನು. ಎರಡ್ನೇ ಸೋಮವಾರ ತೊಡಿ ಮ್ಯಾಲೆ ಮಲಗಿಸ್ಕಂಡ್ರಿ. ಅದೂ ನಾನೇ. ಈ ಸಾಹೇಬ್ರು ನೋಡಾಕೆ ಬಂದಿದ್ರು. ಈಗ ಇದೂ ನಾನೇ. ನಾನಾಗೇ ಬಂದೀನಿ. ಯಾರೂ ಕಳಿಸಿಲ್ಲ."

ಮಂಡಿಯಾಗೆ ಜ್ವಾಳ ಅಳೆಯೋನು ಸೇರು ಎತ್ತಿದೋನು ಎತ್ತಿದಂಗೇ ನಿಂತ. ಶಿವಮೂರ್ತಪ್ಪ ಚಪ್ಪಲಿ ಹುಡುಕ್ತಿದ್ದ, ಕಾಲಿಗೋ ಕೈಗೋ ಗೊತ್ತಿಲ್ಲ. ನಲ್ಲಿ ಹರೀತಾನೇ ಇತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಬೇಕು ಅಂದ್ರೆ ನಾನು ಮುಟ್ಟಿದ ನಲ್ಲಿನ ಯಾರಾದ್ರೂ ಮುಟ್ಟಬೇಕು. ಹಂಪವ್ವ ಸೊಂಟದ ಕೊಡ ಬಿಗಿಯಾಗಿ ಹಿಡ್ಕಂಡು ನನ್ನ ಮಗ್ಗುಲಿಗೆ ಬಂದು ನಿಂತ್ಲು. ಸರ್ವಮಂಗಳಮ್ಮ ತನ್ನ ಕೈ ನೋಡ್ಕಂಡ್ಲು. ನನ್ನ ಗದ್ದ ಹಿಡಿದಿದ್ದ ಕೈ. ಆಮ್ಯಾಲೆ ನನ್ನ ಮಕ ನೋಡಿದ್ಲು. ತುಟಿ ಅಲ್ಲಾಡಿದ್ವು. ಒಂದು ಹೆಜ್ಜಿ ಇಟ್ಲು.

ಹೂಂ. ಏನ್ ಮಾಡಿದ್ಲು? ನೀನು ಹೇಳು.

ನಾನು ಹೇಳಲ್ಲ. ಹೇಳಿದ್ರೆ ಅರ್ಧ ಸುಳ್ಳು ಹೇಳ್ತೀನಿ, ಯಾವ ಅರ್ಧ ಅಂತ ನಿಂಗೆ ತಿಳಿಯಲ್ಲ. ಹಯಾತ್ ಸಾಬ್ ಒಂದು ಹೇಳ್ತಿದ್ದ, ಹಂಪವ್ವ ಒಂದು ಹೇಳ್ತಿದ್ಲು. ಮೇಷ್ಟ್ರು ಆವತ್ತು ಏನೂ ಬರ್ಕಳಲಿಲ್ಲ. ಅವ್ನ ಪ್ರಯೋಗ ಕೆಟ್ಟು ಹೋಗಿತ್ತು. ನೀನು ಮನಸಿನ ಪಾಠ ಓದಿದಾಕಿ. ಅದೇ ಮಂಡಿಪೇಟೆಯಾಕಿ. ನಿಂಗೆ ತಿಳೀಬೇಕು.

ಅವಸ್ರ ಇಲ್ಲ. ಮೊದ್ಲು ಆ ನೀರು ಕುಡಿ. ಬಂದಾಗಿಂದ ಮುಂದೇ ಐತೆ. ಒಂದು ನೊಣ ಬಂದು ಕುಡಿದು, ಬಾಯಿ ಒರೆಸ್ಕಂಡು ಹೋತು. ನೀನು ಲೋಟದ ಅಂಚು ನೋಡಿದಿ, ನನ್ನ ಕೈ ನೋಡಿದಿ, ಬಾಗ್ಲು ನೋಡಿದಿ. ಇದು ಎಲ್ಲೀ ನೀರು ಅಂತ ಮಾತ್ರ ಕೇಳಲಿಲ್ಲ. ಅದೇ ನಲ್ಲೀದು. ಇವತ್ತು ಬೆಳಿಗ್ಗೆ ನಾನೇ ತಿರುವಿ, ನಾನೇ ಹಿಡ್ಕಂಡು ಬಂದೆ.

ನಾನು ಕಟ್ಟೆ ಮ್ಯಾಲೆ ಪೇಪರ್ ಹಿಡ್ಕಂಡು ಕುಂತಿಲ್ಲವ್ವ, ಹೆದರಬ್ಯಾಡ. ನಂಗೆ ಬರಿಯಾಕೆ ಬರಲ್ಲ.

ಕುಡಿದು ಹೇಳು. ಕುಡೀದೇನೂ ಹೇಳಬಹುದು. ಏನ್ ಮಾಡಿದ್ಲು ಆಕಿ?